ಹದಿನೇಳನೇ ಬಿಲ್ಲೆ

ಷಡ್ಡಕ ಊರಿಗೆ ಬಂದು ಮೂರು ದಿನವಾಗಿತ್ತು. ಬಂದವನು ಉಂಡು ಮಲಗಿಕೊಂಡಿದ್ದರೆ ಬಿಲ್ಲೆ ಮೇಷ್ಟ್ರಿಗೆ ಈ ಪಾಡು ಬರುತ್ತಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅವನು ಚಹಾದ ಲೋಟ ಕೆಳಗಿಟ್ಟು, “ಭಾವ, ನಿಮ್ಮೂರಲ್ಲಿ ನೋಡೋಕೆ ಏನಾದ್ರೂ ಇದೆಯೋ, ಇಲ್ಲ ಬರೀ ಧೂಳೋ?” ಅಂದುಬಿಟ್ಟ.

ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. “ಇವತ್ತೇ ಬನ್ನಿ. ಎಲ್ಲರೂ ಬನ್ನಿ. ಗಣಿ ಅಂದ್ರೆ ಏನು ಅಂತ ತೋರಿಸ್ತೀನಿ.”

ಒಳಗಿನಿಂದ ಹೆಂಡತಿ ಸೌಟು ಅಲ್ಲಾಡಿಸಿ ಬೇಡ ಬೇಡ ಎಂದು ಸನ್ನೆ ಮಾಡಿದಳು. ಪ್ರವಾಸದ ಕಚೇರಿಯಿಂದ ದೊಡ್ಡ ಮೇಡಂ ತಪಾಸಣೆಗೆ ಬರುವುದು ಇವತ್ತೇ ಎಂದು ಅವಳಿಗೆ ನೆನಪಿತ್ತು. ಮೇಷ್ಟ್ರಿಗೆ ನೆನಪಾಗುವ ಹೊತ್ತಿಗೆ ಷಡ್ಡಕ ಬೂಟು ಹಾಕಿಕೊಂಡಾಗಿತ್ತು.

ಮೇಷ್ಟ್ರು ಎಂದರೆ ಪಾಠ ಹೇಳಿದವರಲ್ಲ. ಗಣಿಯ ಬಾಯಿಯ ಪಕ್ಕದ ಪುಟ್ಟ ಕಿಟಕಿಯಲ್ಲಿ ಕೂತು ಇಪ್ಪತ್ತೆಂಟು ವರ್ಷ ಹಿತ್ತಾಳೆಯ ಬಿಲ್ಲೆ ಹಂಚಿದವರು. ಕೆಳಗಿಳಿಯುವವನು ನಂಬರಿನ ಬಿಲ್ಲೆಯೊಂದನ್ನು ಇಸಿದುಕೊಳ್ಳಬೇಕು, ಹತ್ತಿ ಬಂದವನು ಅದನ್ನು ತಿರುಗಿ ಕೊಡಬೇಕು, ಮೇಷ್ಟ್ರು ಅದನ್ನು ಹಲಗೆಯ ಮೊಳೆಗೆ ತೂಗುಹಾಕಬೇಕು. ಸಂಜೆ ಒಂದು ಮೊಳೆ ಬೋಳಾಗಿ ಕಂಡರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಆಗ ಅವರು ಸೈರನ್ನಿನ ಹಿಡಿ ಎಳೆಯುತ್ತಿದ್ದರು. ಆ ಮನುಷ್ಯ ಸಿಗುವ ತನಕ ಊರಲ್ಲಿ ಯಾರೂ ಮನೆಗೆ ಹೋಗುವಂತಿರಲಿಲ್ಲ.

ಆಮೇಲೆ ಗಣಿ ಮುಚ್ಚಿತು. ಹತ್ತು ವರ್ಷ ಊರು ಬಾಯಿ ಒಣಗಿಸಿಕೊಂಡು ಕೂತಿತ್ತು. ಕೊನೆಗೆ ಯಾರೋ ಬುದ್ಧಿವಂತರು ಬಂದು, ಇದು ಪಾಳು ಊರಲ್ಲ, ಪ್ರೇಕ್ಷಣೀಯ ಸ್ಥಳ ಎಂದು ಕಂಡುಹಿಡಿದರು. ಗಣಿಯ ಮಣ್ಣು ಸುರಿದು ಸುರಿದು ಎದ್ದಿದ್ದ ಕರಿಗುಡ್ಡಕ್ಕೆ ಜಾರುಬಂಡೆ ಕಟ್ಟಿದರು. ಸಿಡಿಮದ್ದಿನ ಮನೆ ಐಸ್ ಕ್ರೀಮ್ ಅಂಗಡಿಯಾಯಿತು. ಗಣಿ ಆಸ್ಪತ್ರೆಯಲ್ಲಿ, ಕಾಲು ಮುರಿದವನ ಮಂಚದ ಮೇಲೆ ಮಲಗಿ ಫೋಟೋ ತೆಗೆಸಿಕೊಳ್ಳಬಹುದಿತ್ತು. ಒಂದು ಕಾಲಕ್ಕೆ ಕೆಳಗಿಳಿಯುವುದಕ್ಕೆ ಸಂಬಳ ಕೊಡುತ್ತಿದ್ದರು, ಈಗ ಇಳಿಯುವವರಿಂದಲೇ ದುಡ್ಡು ಕೀಳುತ್ತಿದ್ದರು. ಇದಕ್ಕೆ ಅಭಿವೃದ್ಧಿ ಎಂದು ಹೆಸರು.

ಮೇಷ್ಟ್ರನ್ನು ಮಾತ್ರ ಅದೇ ಕಿಟಕಿಯಲ್ಲಿ ಕೂರಿಸಿದ್ದರು. ಪ್ರವಾಸಿಗಳಿಗೂ ಅದೇ ಬಿಲ್ಲೆ, ಅದೇ ಹಲಗೆ. ಅವರಿಗೂ ಅದೇ ಗತ್ತು.

ಹತ್ತು ಗಂಟೆಗೆ ಹೆಂಡತಿ, ಷಡ್ಡಕ, ನಾದಿನಿ, ಅತ್ತೆ ನಾಲ್ವರೂ ಕಿಟಕಿಗೆ ಬಂದರು. ಹೆಂಡತಿ ನೇರವಾಗಿ ಮುಂದೆ ಬಂದು ಕೈ ಚಾಚಿದಳು.

“ಸಾಲು,” ಎಂದರು ಮೇಷ್ಟ್ರು.

“ರೀ, ನಾನು!”

“ಈ ಕಿಟಕಿ ಮುಂದೆ ಗಂಡ ಇಲ್ಲ, ಹೆಂಡತಿ ಇಲ್ಲ. ಸಾಲು.”

“ಸರಿ. ರಾತ್ರಿ ಊಟಕ್ಕೂ ಸಾಲಲ್ಲೇ ನಿಲ್ಲಿಸ್ತೀನಿ ನೋಡಿ.” ಅವಳು ಹಿಂದೆ ಹೋಗಿ ನಿಂತಳು. ಅಲ್ಲಿಂದಲೇ ಕೂಗಿದಳು, “ಅದಿರಲಿ, ನಾನು ಹಾಲಿನ ಒಲೆ ಆರಿಸಿದೆನಾ?”

“ಸಾಲಲ್ಲಿ ಮಾತಿಲ್ಲ.”

ಅಷ್ಟರಲ್ಲಿ ಮ್ಯಾನೇಜರ್ ದೊಡ್ಡ ಮೇಡಂರನ್ನು ಕರೆದುಕೊಂಡು ಬಂದ. ಅವನು ಹೊಸಬ, ಇಸ್ತ್ರಿ ಮಾಡಿದ ಅಂಗಿಯವ, ಗಣಿಯನ್ನು ನಕ್ಷೆಯಲ್ಲಿ ಚೆನ್ನಾಗಿ ಬಲ್ಲವ. ಮೇಷ್ಟ್ರು ಗಡಿಬಿಡಿಯಲ್ಲಿ ನಾಲ್ಕು ಬಿಲ್ಲೆಗಳನ್ನು ಷಡ್ಡಕನ ಕೈಗೆ ತುರುಕಿ, ಪುಸ್ತಕದಲ್ಲಿ ‘ಹದಿನಾಲ್ಕರಿಂದ ಹದಿನೇಳು, ನೆಂಟರು’ ಎಂದು ಗೀಚಿದರು. ಯಾರಿಗೆ ಯಾವ ನಂಬರು ಎಂದು ಬರೆಯದೇ ಇದ್ದದ್ದು ಇಷ್ಟು ವರ್ಷದಲ್ಲಿ ಅದೇ ಮೊದಲು.

“ಇದೇ ಮೇಡಂ ನಾನು ಹೇಳಿದ ಕಿಟಕಿ,” ಎಂದ ಮ್ಯಾನೇಜರ್, ಗೋಡೆಗೆ ಹತ್ತಿದ ಬೂಜು ತೋರಿಸುವವನ ಹಾಗೆ. “ಇದನ್ನ ತೆಗೆದು ಯಂತ್ರ ಇಡೋಣ. ಒಳಗೆ ಹೋದೋರು ಎಷ್ಟು, ಹೊರಗೆ ಬಂದೋರು ಎಷ್ಟು, ತಾನೇ ಎಣಿಸುತ್ತೆ. ಸರಿ ಇದ್ರೆ ಹಸಿರು ದೀಪ.”

ಮೇಷ್ಟ್ರು ಕಿಟಕಿಯ ಚೌಕಟ್ಟು ಹಿಡಿದುಕೊಂಡರು. ಮನೆಯಲ್ಲಿ ಅವರ ಮಾತು ನಡೆಯುತ್ತಿರಲಿಲ್ಲ, ಬೀದಿಯಲ್ಲಿ ನಡೆಯುತ್ತಿರಲಿಲ್ಲ. ಭೂಮಿಯ ಮೇಲೆ ಅವರ ಮಾತು ನಡೆಯುವ ಜಾಗ ಎಂದರೆ ಮೂರಡಿ ಅಗಲದ ಈ ಕಿಟಕಿ ಒಂದೇ.

“ಮೇಡಂ, ಯಂತ್ರಕ್ಕೆ ಏನು ಗೊತ್ತಾಗುತ್ತೆ? ನನ್ನ ಹಲಗೆ ಒಂದು ದಿನಾನೂ ತಪ್ಪು ಹೇಳಿಲ್ಲ.”

ಮೇಡಂ ಕನ್ನಡಕದ ಮೇಲಿನಿಂದ ಹಲಗೆಯನ್ನೂ ಮೇಷ್ಟ್ರನ್ನೂ ನೋಡಿದರು. ಎರಡರಲ್ಲಿ ಹಳೆಯದು ಯಾವುದು ಎಂದು ತಿಳಿಯದವರಂತೆ. “ಸಂಜೆ ತನಕ ಇಲ್ಲೇ ಇರ್ತೀನಿ. ಮುಚ್ಚೋ ಹೊತ್ತಿಗೆ ಹಲಗೆ ಪೂರ್ತಿ ತುಂಬಿದ್ರೆ ಕಿಟಕಿ ಉಳೀಲಿ.”

ಮಧ್ಯಾಹ್ನ ನಾದಿನಿ, ಷಡ್ಡಕ ವಾಗ್ವಾದ ಮಾಡುತ್ತಲೇ ಮೇಲೆ ಬಂದರು. “ಅಷ್ಟು ದುಡ್ಡು ಕೊಟ್ಟು ಕತ್ತಲೆ ನೋಡಿದ್ವಿ,” ಎಂದು ಅವಳು. “ಕತ್ತಲೆಗೂ ಗುಣಮಟ್ಟ ಅಂತ ಇರುತ್ತೆ,” ಎಂದು ಅವನು. ಬಿಲ್ಲೆಗಳನ್ನು ಕಿಟಕಿಗೆ ಸುರಿದು ಕರಿಗುಡ್ಡ ಜಾರಲು ನಡೆದರು. ಆಗಲೇ ಮೇಡಂ ಏನೋ ಕೇಳುತ್ತಿದ್ದರು. ಮೇಷ್ಟ್ರು ಉತ್ತರ ಹೇಳುತ್ತ, ಎಣಿಸದೆ, ಸಿಕ್ಕ ಬಿಲ್ಲೆಗಳನ್ನು ಸಿಕ್ಕ ಹಾಗೆ ಮೊಳೆಗೆ ಹಾಕಿದರು.

ನಾಲ್ಕು ಗಂಟೆಗೆ ಕೊನೆಯ ಪ್ರವಾಸಿಯೂ ಬಂದ. ಮೇಷ್ಟ್ರು ಹಲಗೆಯತ್ತ ತಿರುಗಿದರು. ಹದಿನೇಳನೇ ಮೊಳೆ ಬೋಳಾಗಿತ್ತು.

ಮೊದಲು ಮೇಜಿನ ಕೆಳಗೆ ನೋಡಿದರು. ಆಮೇಲೆ ಜೇಬು, ಆಮೇಲೆ ಊಟದ ಡಬ್ಬಿ. ಷಡ್ಡಕನಿಗೆ ಫೋನು ಮಾಡಿದರೆ ಅವನು ಎತ್ತಲಿಲ್ಲ, ಜಾರುತ್ತಿರಬೇಕು. ಹೆಂಡತಿಯ ಫೋನು ಎಂದಿನ ಹಾಗೆ ಮನೆಯಲ್ಲಿ ಚಾರ್ಜಿಗೆ ಹಾಕಿದ್ದು, ಬಡಿದುಕೊಂಡು ಸುಮ್ಮನಾಯಿತು. ಹೆಂಡತಿಯಾದರೂ ತಂಗಿಯ ಜೊತೆ ಇಲ್ಲದೆ ಇನ್ನೆಲ್ಲಿರುತ್ತಾಳೆ? ಹಾಗಾದರೆ ಕೆಳಗೆ ಉಳಿದವರು ಯಾರು?

ಅತ್ತೆ!

ಅತ್ತೆಗೆ ಮಂಡಿ ನೋವು. ಎಲ್ಲಿ ಕಟ್ಟೆ ಕಂಡರೆ ಅಲ್ಲಿ ಕೂರುವವರು. ಕೂತಲ್ಲೇ ನಿದ್ದೆ ಹೋಗುವವರು. ಈಗ ಭೂಮಿಯ ಒಳಗೆ ಯಾವುದೋ ಕಲ್ಲಿನ ಮೇಲೆ ಅವರು ಗೊರಕೆ ಹೊಡೆಯುತ್ತಿರುವುದು ಮೇಷ್ಟ್ರ ಕಣ್ಣಿಗೆ ಕಟ್ಟಿತು. ಸೈರನ್ ಎಳೆದರೆ ಕಿಟಕಿ ಹೋಯಿತು. ಎಳೆಯದಿದ್ದರೆ ಅತ್ತೆ ಹೋದರು. ಯಾರೇ ಆಗಲಿ ಒಂದು ಕ್ಷಣ ಯೋಚಿಸುವ ಸಂದರ್ಭ. ಮೇಷ್ಟ್ರು ಎರಡು ಕ್ಷಣ ಯೋಚಿಸಿದರು. ಆದರೂ ಒಳ್ಳೆಯ ಮನುಷ್ಯ, ಹಿಡಿ ಎಳೆದರು.

ಹತ್ತು ವರ್ಷಕ್ಕೂ ಮೇಲೆ ಬಾಯಿ ತೆರೆಯದ ಸೈರನ್ ಮೊದಲು ಕೆಮ್ಮಿತು, ಧೂಳು ಉಗುಳಿತು, ಆಮೇಲೆ ಊರೇ ಅದುರುವಂತೆ ಕೂಗಿತು.

ಎಲ್ಲ ಬಾಗಿಲುಗಳೂ ತೆರೆದವು. ಹಳೆಯ ಗಣಿಯವರು ಅರ್ಧ ಗಡ್ಡ ಹೆರೆದುಕೊಂಡವರು, ಒಂದೇ ಚಪ್ಪಲಿ ಮೆಟ್ಟಿದವರು, ಹಗ್ಗ ಲಾಟೀನು ಹಿಡಿದು ಓಡಿಬಂದರು. ಎಲ್ಲರಿಗಿಂತ ಮುಂದೆ ಹಳೇ ಮೇಸ್ತ್ರಿ. ಮದ್ದು ಸಿಡಿಸಿ ಸಿಡಿಸಿ ಅವನ ಕಿವಿ ಹೋಗಿ ಎಷ್ಟೋ ವರ್ಷವಾಗಿತ್ತು, ಆದರೆ ಈ ಕೂಗು ಮಾತ್ರ ಅವನಿಗೆ ಕೇಳಿಸಿತ್ತು.

“ಎಷ್ಟು ಜನ?” ಎಂದು ಕಿರುಚಿದ.

“ಒಬ್ಬರು! ನಮ್ಮತ್ತೆ!”

“ಹತ್ತಾ? ಅಯ್ಯೋ ದೇವರೇ!” ಮೇಸ್ತ್ರಿ ಏಳು ಜನರನ್ನು ಕಟ್ಟಿಕೊಂಡು ಕೆಳಗೆ ನುಗ್ಗಿದ. “ಬಿಲ್ಲೆ! ಬಿಲ್ಲೆ ತಗೊಂಡು ಇಳೀರಿ!” ಎಂದು ಮೇಷ್ಟ್ರು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದರು. ಕೇಳುವವರು ಯಾರು?

ಪ್ರವಾಸಿಗಳು ಐಸ್ ಕ್ರೀಮ್ ಹಿಡಿದು ಸುತ್ತ ನಿಂತರು. ಒಬ್ಬಾಕೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಳು. “ನೋಡು ಪುಟ್ಟಿ, ಆಗಿನ ಕಾಲದ ಥರಾನೇ ಮಾಡ್ತಿದ್ದಾರೆ. ಬಟ್ಟೆ ಕೂಡ ಎಷ್ಟು ಹಳೇದು ಹಾಕ್ಕೊಂಡಿದ್ದಾರೆ!” ಅದು ಮೇಸ್ತ್ರಿಯ ಕಡೆಯವರ ಒಳ್ಳೆಯ ಬಟ್ಟೆ.

ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ನಿಂತಿದ್ದಾಗ ಪಕ್ಕದಲ್ಲಿ ಯಾರೋ ಮೆತ್ತಗೆ ಕೇಳಿದರು. “ಯಾರು ಅಳಿಯಂದ್ರೇ, ಪಾಪ, ಸಿಕ್ಕಿಹಾಕ್ಕೊಂಡಿರೋದು?”

ಅತ್ತೆ. ಎರಡೂ ಕೈಯಲ್ಲಿ ಐಸ್ ಕ್ರೀಮ್.

“ನೀವು... ಕೆಳಗಿಲ್ವಾ?”

“ಮಧ್ಯಾಹ್ನ ಇವರ ಜೊತೆಗೇ ಮೇಲೆ ಬಂದೆನಲ್ಲ, ಆಗಿನಿಂದ ಆ ಆಸ್ಪತ್ರೆ ಮಂಚದ ಮೇಲೆ ಮಲಗಿದ್ದೆ. ಏನು ಚೆನ್ನಾಗಿ ನಿದ್ದೆ ಬರುತ್ತಪ್ಪ! ಯಾರ್‍ಯಾರೋ ಬಂದು ಫೋಟೋ ತೆಗೆದುಕೊಂಡು ಹೋದ್ರು.”

ಹಿಂದೆಯೇ ಷಡ್ಡಕ, ನಾದಿನಿ ಮೈಯೆಲ್ಲ ಮಸಿ ಮಾಡಿಕೊಂಡು ಬಂದರು. “ಭೇಷ್ ಭಾವ! ಇದನ್ನ ಮೊದಲೇ ಹೇಳೋದಲ್ವಾ? ಬೆಳಿಗ್ಗೆ ತೋರಿಸಿದ್ದು ಏನೇನೂ ಇರಲಿಲ್ಲ.”

“ಬಿಲ್ಲೆ ಎಷ್ಟು ಕೊಟ್ಟೆ ನನಗೆ?”

“ಮೂರು. ನಂದು, ಇವಳದು, ಅತ್ತೇದು.”

“ನಾಲ್ಕನೇದು?”

ಆಗ ಗುಂಪನ್ನು ಸೀಳಿಕೊಂಡು ಒಬ್ಬ ಹೆಂಗಸು ಬಂದಳು. ಕೂದಲು ಬಿಚ್ಚಿತ್ತು, ಎದೆ ಎದೆ ಬಡಿದುಕೊಳ್ಳುತ್ತಿದ್ದಳು. “ಅಯ್ಯೋ, ಮಂಡಿ ಗಟ್ಟಿ ಇಲ್ಲದ ವಯಸ್ಸಲ್ಲಿ ಇವರನ್ನ ಯಾಕೆ ಕೆಳಗಿಳಿಸಿದ್ರಪ್ಪಾ! ಬೆಳಿಗ್ಗೆ ಮುಖ ಕೊಟ್ಟು ಮಾತೂ ಆಡ್ಲಿಲ್ವಲ್ಲೋ!” ಜನ ಕಣ್ಣೊರೆಸಿಕೊಂಡರು. ಮೇಡಂ ಕನ್ನಡಕ ತೆಗೆದು ಒರೆಸಿದರು. ಬಡಿದುಕೊಳ್ಳುತ್ತಿದ್ದ ಆ ಕೈಯಲ್ಲಿ ಮನೆಯ ಬೀಗದ ಕೈ ಗೊಂಚಲಿತ್ತು. ಗೊಂಚಲಲ್ಲಿ, ಫಳಫಳ ಹೊಳೆಯುತ್ತ, ಹದಿನೇಳು.

“ಲೇ,” ಎಂದರು ಮೇಷ್ಟ್ರು. “ಕಳೆದುಹೋಗಿರೋದು ನೀನು.”

ಸೈರನ್ ಕೇಳಿ ಕೆಳಗೆ ಸಿಕ್ಕಿಬಿದ್ದದ್ದು ಗಂಡನೇ ಎಂದುಕೊಂಡಿದ್ದ ಅವಳು ಅಳು ನಿಲ್ಲಿಸಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬದುಕಿದ್ದಾರೆ ಎಂದು ಖಾತ್ರಿಯಾದ ಕೂಡಲೇ ದನಿ ಬದಲಾಯಿತು. “ಹಾಲು ನೆನಪಾಯ್ತು, ಇಳೀದೇ ಮನೆಗೆ ಹೋದೆ. ಬಿಲ್ಲೆ ಕೊಡೋಣ ಅಂತ ಬಂದ್ರೆ ಕಿಟಕಿ ಮುಂದೆ ಹನುಮಂತನ ಬಾಲದಷ್ಟು ಸಾಲು. ಮುಂದೆ ಬಂದ್ರೆ ಸಾಲು ಸಾಲು ಅಂತ ನೀವು ಎಗರಾಡ್ತೀರಿ. ಕಳೀಬಾರದು ಅಂತ ಬೀಗದ ಕೈಗೆ ಹಾಕ್ಕೊಂಡೆ. ತಪ್ಪಾ?”

ಜನ ಚಪ್ಪಾಳೆ ತಟ್ಟಿದರು. ಅರ್ಧ ಗಂಟೆಯಾದ ಮೇಲೆ ಮೇಸ್ತ್ರಿಯೂ ಅವನ ಕಡೆಯವರೂ ಹತ್ತು ಜನರನ್ನು ಹುಡುಕಿ ಸಿಗದೆ, ಯಾವುದೋ ಕಾಲದ ಒಂದು ಬೂಟನ್ನು ಎತ್ತಿಕೊಂಡು ಮೇಲೆ ಬಂದಾಗ ಇನ್ನೂ ಜೋರಾಗಿ ತಟ್ಟಿದರು. ಮಗಳನ್ನು ಹೊತ್ತ ಆಕೆ ಮೇಡಂ ಹತ್ತಿರ ಹೋಗಿ, “ಮುಂದಿನ ಆಟ ಎಷ್ಟು ಗಂಟೆಗೆ?” ಎಂದು ಕೇಳಿದಳು.

ಮೇಡಂ ಕಣ್ಣಲ್ಲಿ ದೀಪ ಹತ್ತಿದ್ದನ್ನು ಮೇಷ್ಟ್ರು ನೋಡಿದರು. ಅದು ಒಳ್ಳೆಯ ದೀಪವಾಗಿರಲಿಲ್ಲ.

ವಾರದೊಳಗೆ ಎಲ್ಲ ಗೊತ್ತಾಯಿತು. ದಿನಾ ನಾಲ್ಕಕ್ಕೆ ‘ಗಣಿಯಲ್ಲಿ ಕಳೆದುಹೋದ ಮನುಷ್ಯ’, ಸಕುಟುಂಬ ನೋಡಬಹುದಾದ ಸಾಹಸ. ಮೇಸ್ತ್ರಿಗೆ ನಾಯಕನ ಪಾತ್ರ. ಎದೆ ಬಡಿದುಕೊಳ್ಳುವುದಕ್ಕೆ ಮೇಷ್ಟ್ರ ಹೆಂಡತಿಗೆ ಕಾಯಂ ನೌಕರಿ. ಅವಳ ಗೊಂಚಲು ನೋಡಿ ಮ್ಯಾನೇಜರಿಗೆ ಹೊಳೆದದ್ದು, ಹಿತ್ತಾಳೆ ಬಿಲ್ಲೆಗಳೆಲ್ಲ ಬೀಗದ ಕೈಗೆ ಹಾಕುವ ನೆನಪಿನ ಕಾಣಿಕೆಯಾಗಿ ಐಸ್ ಕ್ರೀಮ್ ಅಂಗಡಿಗೆ ಮಾರಾಟಕ್ಕೆ ಹೋದವು. ಕಿಟಕಿ ಇದ್ದಲ್ಲಿ ಯಂತ್ರ ಬಂತು. ಮೇಷ್ಟ್ರನ್ನು ತೆಗೆಯಲಿಲ್ಲ, ಅಷ್ಟು ಕಟುಕರಲ್ಲ. ಮೂರನೇ ಸುರಂಗದ ಕೊನೆಯಲ್ಲಿ ಕಲ್ಲಿಗೆ ಒರಗಿ ಮಿಸುಕದೆ ಬಿದ್ದಿರುವ ಕೆಲಸ ಕೊಟ್ಟರು.

ಮೊದಲ ದಿನ ಮೂರು ಗಂಟೆಗೆ ಮೇಷ್ಟ್ರು ಯಂತ್ರದ ಮುಂದೆ ನಿಂತರು. “ನನ್ನ ಬಿಲ್ಲೆ?”

“ಸಿಬ್ಬಂದಿಗೆ ಏನೂ ಬೇಡ. ಪಕ್ಕದ ಬಾಗಿಲಿಂದ ಹೋಗಿ ಮೇಷ್ಟ್ರೇ,” ಎಂದ ಮ್ಯಾನೇಜರ್.

ಆ ದಿನ ಪ್ರವಾಸಿಗಳು ಬಂದದ್ದೇ ಹನ್ನೊಂದು ಜನ. ಹನ್ನೊಂದು ಜನರಿಗಾಗಿ ಎದೆ ಬಡಿಸುವುದು ಬೇಡವೆಂದು ಮೂರೂವರೆಗೇ ಆಟ ರದ್ದಾಯಿತು. ಮೇಷ್ಟ್ರಿಗೆ ಮೇಸ್ತ್ರಿ ಹೇಳಿರುತ್ತಾನೆ ಎಂದು ಹೆಂಡತಿ ಹಾಲು ತರಲು ಹೋದಳು. ಹೆಂಡತಿ ಹೇಳಿರುತ್ತಾಳೆ ಎಂದು ಮ್ಯಾನೇಜರ್ ಪಕ್ಕದ ಬಾಗಿಲಿಗೆ ಬೀಗ ಹಾಕಿದ. ಮೇಸ್ತ್ರಿಗೆ ಯಾರು ಹೇಳಿದ್ದೂ ಕೇಳಿಸಿರಲಿಲ್ಲ. ಒಳಗೆ ಹೋದವರು ಹನ್ನೊಂದು, ಹೊರಗೆ ಬಂದವರು ಹನ್ನೊಂದು. ಯಂತ್ರ ಹಸಿರು ದೀಪ ಹಾಕಿತು. ಎಲ್ಲರೂ ಮನೆಗೆ ಹೋದರು.

ಮೂರನೇ ಸುರಂಗದಲ್ಲಿ ಬಿಲ್ಲೆ ಮೇಷ್ಟ್ರು, ಹೇಳಿಕೊಟ್ಟ ಹಾಗೆ ಒಂದು ಕಾಲು ಮಡಿಸಿ, ಕಣ್ಣು ಮುಚ್ಚಿ, ಮಿಸುಕದೆ ಬಿದ್ದಿದ್ದರು. ಮೇಲೆ ಸದ್ದಿಲ್ಲ. ಬಹಳ ಹೊತ್ತಾಯಿತು.

“ಪರವಾಗಿಲ್ವೇ,” ಎಂದುಕೊಂಡರು ಮೆಚ್ಚಿಕೆಯಿಂದ. “ಒಳ್ಳೇ ನಿಜದ ಥರಾನೇ ತಡ ಮಾಡ್ತಿದ್ದಾರೆ.”