ಗುಂಯ್ ಅನ್ನದ ಕರೆಂಟು

"ಈ ಸಲ ಮಾವಾರ ಬಾಯಿಂದ ಶಾಬಾಷ್ ಅನ್ನಿಸಲಿಲ್ಲಂದ್ರ ನನ್ನ ಹೆಸರು ಕುತುಬುದ್ದೀನ ಅಲ್ಲ!"

ಬ್ಯಾಡಗಿಯ ಟೇಲರ್ ಕುತುಬುದ್ದೀನ ಹೀಗೆ ಘೋಷಿಸಿದಾಗ ಹೆಂಡತಿ ರಸೂಲಬಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಮದುವೆಯಾದಾಗಿನಿಂದ ಅವಳಪ್ಪ ಯೂಸುಫಸಾಬ ಅಳಿಯನ ಯಾವ ಕೆಲಸಕ್ಕೂ ಶಾಬಾಷ್ ಅಂದವನಲ್ಲ. ಕಳೆದ ಸಲವಂತೂ, ಅಳಿಯ ಸ್ವಂತ ಕೈಯಿಂದ ಜೋಡಿಸಿದ ಆಂಪ್ಲಿಫೈಯರಿನ ಮುಂದೆ ಕೂತು, "ಹಾಡು ಎಲ್ಲೈತ್ರಿ? ಬರೇ ಹಿಟ್ಟಿನ ಗಿರಣಿ ಕೇಳಾಕತ್ತೈತಿ," ಅಂದು ಎದ್ದು ಹೋಗಿದ್ದ.

ಮಾತು ಸುಳ್ಳಲ್ಲ. ಸ್ವಿಚ್ ಹಾಕಿದರೆ ಹಾಡಿಗಿಂತ ಮೊದಲು ಗುಂಯ್ ಅನ್ನೋ ಸದ್ದು! ಕುತುಬುದ್ದೀನ ಹಾವೇರಿಯಿಂದ ದೊಡ್ಡ ಟ್ರಾನ್ಸ್‌ಫಾರ್ಮರ್ ತಂದ. ಗುಂಯ್ ಇನ್ನೂ ದಪ್ಪಾಯಿತು. ರಾಣೆಬೆನ್ನೂರಿನಿಂದ ಡಬ್ಬಿಯಂಥ ಕೆಪಾಸಿಟರ್ ತಂದ. ಕಡಿಮೆಯಾಯಿತು, ಹೋಗಲಿಲ್ಲ. ಕೊನೆಗೆ ಜ್ಞಾನೋದಯವಾಯಿತು. ದೋಷ ತನ್ನದಲ್ಲ, ಕರೆಂಟಿನದು! ಕಂಬದ ಕರೆಂಟು ಕಲಬೆರಕೆ. ಶುದ್ಧ ಕರೆಂಟು ಬೇಕಂದರೆ ಬ್ಯಾಟರಿಯೇ ಗತಿ.

"ಬ್ಯಾಟರಿ ಎಲ್ಲಿಂದ ತರ್ತೀರಿ?" ಕೇಳಿದಳು ರಸೂಲಬಿ.

"ಅದು ತಾನ ಬಾಗಲಿಗೆ ಬರತೈತಿ, ನೋಡ್ತಿರು."

ಬಂತು, ಟೆಂಪೋದಲ್ಲಿ ಕೂತು! ಗುತ್ತಲದಿಂದ ಯೂಸುಫಸಾಬ ಮೆಣಸಿನಕಾಯಿ ಚೀಲ ಹೇರಿಕೊಂಡು ಬಂದು ತನ್ನ ಹಳೇ ಟೆಂಪೋ ನಿಲ್ಲಿಸಿದ. "ಲಗೂ ಊಟಕ್ಕ ಹಾಕು ಬೇಟಿ. ಹರಾಜಿನ ಸವಾಲು ಶುರು ಆಗೂದ್ರಾಗ ಚೀಲ ಮಾರ್ಕೆಟ್ಟಿನ್ಯಾಗ ಇಳೀಬೇಕು."

ಮಾವ ಕೈ ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ಅಳಿಯ ಪಾನಾ ಹಿಡಿದು ಟೆಂಪೋದ ಬ್ಯಾಟರಿ ಬಿಚ್ಚಿದ.

"ರೀ, ಅದು ಅಬ್ಬಾನ ಗಾಡೀದು!"

"ಒಂದ ಹಾಡಿಗೆ. ಊಟ ಮುಗಿಯೂದ್ರಾಗ ತಿರುಗಿ ಹಾಕ್ತೇನಿ!"

ಆಂಪ್ಲಿಫೈಯರಿಗೆ ವೈರು ಜೋಡಿಸಿ ಕವಾಲಿ ಕ್ಯಾಸೆಟ್ ಹಾಕಿದ. ಅಬ್ಬಬ್ಬಾ! ಗುಂಯ್ ಇಲ್ಲವೇ ಇಲ್ಲ! ತಬಲಾದ ಮೇಲೆ ಬೆರಳು ಜಾರಿದ್ದೂ ಕೇಳುತ್ತಿತ್ತು. ಕುತುಬುದ್ದೀನನ ಕಣ್ಣಲ್ಲಿ ನೀರೇ ಬಂತು. ಓಣಿಯವರು ಬಾಗಿಲಿಗೆ ನೆರೆದರು. ಉಂಡೆದ್ದ ಮಾವ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ತಲೆ ಹಿಂದಕ್ಕೂ ಮುಂದಕ್ಕೂ ಆಡತೊಡಗಿತು.

"ನೋಡು, ಕರಗಿ ಹೋಗ್ಯಾರ!" ಅಂದ ಅಳಿಯ. ಇನ್ನೇನು ಶಾಬಾಷ್ ಬಂದೇ ಬಿಟ್ಟಿತೆಂದು ಇನ್ನೊಂದು ಹಾಡಿಗೂ ಬಿಟ್ಟ. ಕ್ಯಾಸೆಟ್ ತಿರುವಿ ಹಾಕಿದ. ಸೌಂಡು ಏರಿಸಿದ.

"ತಲೆದೂಗಾಕತ್ತಿಲ್ಲರಿ, ತೂಕಡಸಾಕತ್ತಾರ!" ಅಂದಳು ರಸೂಲಬಿ.

ಅಷ್ಟರಲ್ಲಿ ಹಾಡುಗಾರನ ದನಿ ಎಳೆದೆಳೆದು, ಎಮ್ಮೆ ಕೂಗಿದಂತಾಗಿ, ನಿಂತೇ ಹೋಯಿತು. ಮುದಿ ಬ್ಯಾಟರಿ ಪ್ರಾಣ ಬಿಟ್ಟಿತ್ತು. ಸದ್ದು ನಿಂತದ್ದಕ್ಕೆ ಮಾವನಿಗೆ ಎಚ್ಚರವಾಯಿತು. "ಯಾ ಅಲ್ಲಾ, ಸವಾಲಿನ ಹೊತ್ತಾಗಾಕ ಬಂತಲ್ಲ!"

ಕುತುಬುದ್ದೀನ ಬ್ಯಾಟರಿ ಹೊತ್ತು ಓಡಿ ಗಾಡಿಗೆ ಹಾಕಿದ. ಕೀಲಿ ತಿರುವಿದರೆ ಟೆಂಪೋ "ಟಕ್" ಅಂತು, ಅಷ್ಟೇ. ಯೂಸುಫಸಾಬ ಗಾಡಿ ನೋಡಿದ, ಅಳಿಯನ ಕೈಯಲ್ಲಿದ್ದ ಪಾನಾ ನೋಡಿದ. 

"ದಬ್ಬರಿ," ಅಂದ.

ದಬ್ಬಿದ! ಓಣಿಯವರೂ ನಗುತ್ತ ಕೈ ಹಚ್ಚಿದರು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ ಅಂದವರಾರು! ಕುತುಬುದ್ದೀನ ಸೀನಿ ಸೀನಿ ಸುಸ್ತಾದ. ಅಂಗಿ ತೊಯ್ದು ತೊಪ್ಪೆಯಾಯಿತು. ಗಾಡಿ ಮಾತ್ರ ಶುರುವಾಗಲೇ ಇಲ್ಲ. ಅಂತೂ ಸವಾಲು ಶುರುವಾಗುವ ಹೊತ್ತಿಗೆ ಸರಿಯಾಗಿ ಟೆಂಪೋ ಮಾರ್ಕೆಟ್ಟಿನ ಗೇಟಿನೊಳಗೆ ಉರುಳಿತು.

ಯೂಸುಫಸಾಬ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಶಾಬಾಷ್, ಅಳಿಯಂದ್ರ! ಕಂಬದ ಕರೆಂಟೂ ಬ್ಯಾಡ, ಬ್ಯಾಟರಿನೂ ಬ್ಯಾಡ. ಹಿಂಗ ನೀವ ದಬ್ಬಿದ್ರ, ಗಾಡಿ ಒಂದೀಟೂ ಗುಂಯ್ ಅನ್ನೂದಿಲ್ಲ ನೋಡ್ರಿ!"