ಏಕವ್ಯಕ್ತಿ ಪ್ರದರ್ಶನದ ಅಧ್ಯಕ್ಷರು

ಭಾನುವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ನಾನು ವೇದಿಕೆಯ ಮೇಲೆ ಒಂದು ಕುರ್ಚಿ ಹಾಕಿಸಿದೆ. ಎಲ್ಲ ಕೆಟ್ಟಿದ್ದು ಅಲ್ಲಿಂದ. ಕುರ್ಚಿ ಬಹಳ ಅಪಾಯದ ವಸ್ತು. ಹಾಕುವುದು ಸುಲಭ, ತೆಗೆಯುವುದು ಯಾರಿಂದಲೂ ಆಗದು. ನಮ್ಮ ಹುಣಸೂರಿನಲ್ಲಿ ಕವಿಗೋಷ್ಠಿಯಿರಲಿ, ಕಣ್ಣು ತಪಾಸಣೆಯ ಶಿಬಿರವಿರಲಿ, ಅಧ್ಯಕ್ಷರೊಬ್ಬರು ಪೇಟ ತೊಟ್ಟು ಮೇಲೆ ಕೂರದಿದ್ದರೆ ಕಾರ್ಯಕ್ರಮ ನಡೆಯಿತೆಂದು ಯಾರೂ ಒಪ್ಪುವುದಿಲ್ಲ. ಕೂತವರು ವಂದನಾರ್ಪಣೆ ಮುಗಿಯದೆ ಇಳಿಯುವಂತೆಯೂ ಇಲ್ಲ.

ಅಂದು ನಡೆಯಬೇಕಿದ್ದುದು ನನ್ನ ಕಾಲೇಜು ಗೆಳತಿ ರಾಹೇಲಳ ಹಾಸ್ಯ ಪ್ರದರ್ಶನ. ಒಂದೂವರೆ ಗಂಟೆ, ಅವಳೊಬ್ಬಳೇ. ಅವರದು ಕೊಂಕಣ ತೀರದ ಯಹೂದಿ ಮನೆತನ. ತಂದೆ ಹೊಗೆಸೊಪ್ಪಿನ ದರ್ಜೆ ನೋಡುವ ಕೆಲಸಕ್ಕೆಂದು ಇಲ್ಲಿಗೆ ಬಂದು, ವ್ಯಾಪಾರಿ ಶಿವಬಸಪ್ಪನವರ ಹಿತ್ತಲಮನೆಯಲ್ಲಿ ಬಾಡಿಗೆಗಿದ್ದರು. ತಂದೆ ತೀರಿಕೊಂಡ ಮೇಲೆ ತಾಯಿ ಮಗಳು ಮೈಸೂರು ಸೇರಿದರು. ಪ್ರದರ್ಶನಕ್ಕೆ ಮುಂಚೆ ರಾಹೇಲ್ ಫೋನಿನಲ್ಲಿ ಹೇಳಿದ್ದಳು: "ನಂಗೆ ಗಂಡೂ ಇಷ್ಟ ಆಗ್ತಾನೆ, ಹೆಣ್ಣೂ ಇಷ್ಟ ಆಗ್ತಾಳೆ ಅಂತ ಬೇರೆ ಊರಲ್ಲೆಲ್ಲ ಹೇಳಿದ್ದೀನಿ ಕಣೋ. ಅಮ್ಮಂಗೂ ಗೊತ್ತು. ಆದ್ರೆ ಹುಣಸೂರಲ್ಲಿ ಜನ ಎದ್ದು ಬೈದ್ರೆ ಅಮ್ಮ ಮತ್ತೆ ಆ ಕಡೆ ಬರಲ್ಲ. ಅವಳಿಗೆ ನಮ್ಮೂರು ಅಂತ ಇರೋದು ಅದೊಂದೇ."

ಇಷ್ಟು ತಿಳಿದೂ ನಾನು ಕುರ್ಚಿ ಹಾಕಿಸಿದೆ. ಅದರ ಮೇಲೆ ಶಿವಬಸಪ್ಪನವರನ್ನೇ ಕೂರಿಸಿದೆ. ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟೆ. ರಾಹೇಲ್ ಪರದೆಯ ಮರೆಯಲ್ಲಿ ನನ್ನ ಅಂಗಿ ಹಿಡಿದಳು. "ಒಬ್ಬಳೇ ಆಡೋ ಆಟ ಕಣೋ ಇದು! ತಾತನ್ನ ನನ್ನ ಬೆನ್ನ ಹಿಂದೆ ಯಾಕೆ ಕೂರ್ಸಿದೀಯ?" "ಕೂರಿಸದಿದ್ರೆ ಜನ ಏನಂತಾರೆ?" ಎಂದೆ. ನಾನು ವಾಣಿಜ್ಯಶಾಸ್ತ್ರದ ಅಧ್ಯಾಪಕ. ಇದಕ್ಕಿಂತ ಗಟ್ಟಿಯಾದ ತರ್ಕ ನನ್ನಲ್ಲಿರಲಿಲ್ಲ.

ಆಟ ಶುರುವಾಯಿತು. ಅವಳು ಮೊದಲ ನಗೆಚಟಾಕಿ ಹಾರಿಸಿದಳು. ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಎಲ್ಲರೂ ಅವಳ ತಲೆಯ ಮೇಲಿಂದ ಹಿಂದೆ ನೋಡುತ್ತಿದ್ದರು. ಆಗ ನನಗೆ ಹೊಳೆಯಿತು: ಅಧ್ಯಕ್ಷರು ನಗದೆ ಸಭೆ ನಗುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅಧ್ಯಕ್ಷರೋ, ಅಧ್ಯಕ್ಷರಾಗಿದ್ದರಿಂದ ಗಂಭೀರವಾಗಿ ಕೂತಿದ್ದರು.

ಅವಳ ಅಪ್ಪ ಅಮ್ಮ ಬಾಡಿಗೆಗೆ ಮನೆ ಕೇಳಲು ಬಂದ ದಿನದ ಕತೆ ಬಂತು. ಶಿವಬಸಪ್ಪ ತಾತ ಜಾತಿ ಕೇಳಿದ್ದರು. ಯಹೂದಿ ಎಂದಾಗ, "ಮಾಂಸ?" ಎಂದಿದ್ದರು. ತಾಯಿ, "ಇಲ್ಲಿ ಬೇಯಿಸಲ್ಲ. ಬೇರೆ ಕಡೆ ತಿಂದ್ರೂ ಹಾಲಿನ ಜೊತೆ ತಿನ್ನಲ್ಲ, ಹಂದಿ ಮುಟ್ಟಲ್ಲ, ಶನಿವಾರ ಒಲೆ ಹಚ್ಚಲ್ಲ" ಎಂದಿದ್ದರು. "ಅಂಗಾದ್ರೆ ನಮಗಿಂತ ಮಡಿಯೋರು ಬುಡಿ" ಎಂದು ತಾತ ಬೀಗದ ಕೈ ಕೊಟ್ಟಿದ್ದರು. ತಾತನ ತುಟಿಯಂಚು ಅಲುಗಿತು. ಸಭೆಯೂ ಅಷ್ಟೇ ಅಲುಗಿತು.

ಆಮೇಲೆ ಆ ಭಾಗ. "ಪಿಯುಸೀಲಿ ಪಿರಿಯಾಪಟ್ಟಣದ ಬಸ್ಸಲ್ಲಿ ಒಬ್ಬ ಹುಡುಗ ಇಷ್ಟ ಆದ. ಪಕ್ಕದಲ್ಲಿ ಕೂತಿದ್ದ ಅವನ ಅಕ್ಕನೂ ಇಷ್ಟ ಆದ್ಲು. ನಾನು ಮಾತ್ರ ವರ್ಷಪೂರ್ತಿ ನಿಂತ್ಕೊಂಡೇ ಬಂದೆ."

ಹಿಂದಿನ ಸಾಲಿನಲ್ಲಿ ನಾಲ್ಕೈದು ಜನ ಎದ್ದರು. "ಏನ್ಲಾ ಇದು?" ಎಂಬ ದನಿ ಬಂತು. ಮುಂದಿನ ಸಾಲಿನಲ್ಲಿ ರಾಹೇಲಳ ತಾಯಿ ಕೈಚೀಲವನ್ನು ಎದೆಗವುಚಿಕೊಂಡರು. ಶಿವಬಸಪ್ಪನವರು ಪೇಟ ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟು, ಎದ್ದು ಬಂದು ಮೈಕಿಗೆ ಕೈಚಾಚಿದರು.

"ಅಲ್ಲ ಕಣವ್ವ, ನಮ್ಮ ಹಿತ್ತಲ ಬಾವಿಕಟ್ಟೆ ಮ್ಯಾಲೆ ಕೂತ್ಕಂಡು ಅಳ್ತಿದ್ಯಲ್ಲ, ಅದು ಈ ಇಬ್ರಿಗೋಸ್ಕರಾನೇಯಾ?"

"ಊಂ ತಾತ."

"ಇಬ್ರೂ ಕೈಕೊಟ್ರಾ?"

"ಇಬ್ರೂ."

"ಅಯ್ಯೋ ಮಗಾ, ಎರಡು ಹೊಲ ಬಿತ್ತಿ ಒಂದು ಸೇರೂ ಬೆಳೀಲಿಲ್ವಲ್ಲೇ! ನಾನು ಪರೀಕ್ಷೆ ಫೇಲಾಗವ್ಳೆ ಅಂದ್ಕಂಡು ಊರಿಗೆಲ್ಲ ಹೇಳ್ಬುಟ್ಟಿದ್ದೆ."

ತಾಯಿ ಕೈಚೀಲ ಬಿಟ್ಟು ಎದ್ದು ನಿಂತರು. "ನನ್ನ ಮಗಳು ಫಸ್ಟ್ ಕ್ಲಾಸು ಕಣ್ರೀ! ಯಾಕ್ರೀ ಅಂಗೆ ಹೇಳಿದ್ರಿ?"

ಅಧ್ಯಕ್ಷರು ಹೊಟ್ಟೆ ಹಿಡಿದು ನಕ್ಕರು. ಆಗ ನೋಡಿ, ಹುಣಸೂರಿಗೆ ನಗಲು ಅಪ್ಪಣೆ ಸಿಕ್ಕಿತು. ಎದ್ದವರಲ್ಲಿ ಇಬ್ಬರು ಹೊರಟೇಹೋದರು, ಉಳಿದವರು ಕೂತರು. ಪ್ರದರ್ಶನ ಮುಗಿದ ಮೇಲೆ ಆ ತಾಯಿಯನ್ನು ಹಳೆಯ ಬೀದಿಯ ಹೆಂಗಸರು ಕಾಫಿಗೆ ಎಳೆದುಕೊಂಡು ಹೋದರು.

ಎಲ್ಲರೂ ಮನೆಗೆ ಹೋಗಿ ಮಲಗಿದರು, ನನ್ನ ಹೊರತು. ತಾತ ನಗದೇ ಹೋಗಿದ್ದರೆ? ಕಣ್ಣು ಮುಚ್ಚಿದರೆ ಮೈಕಿಗೆ ಚಾಚಿದ ಆ ಕೈ. ವಾರ ಕಳೆದರೂ ಗೇಟು ಸದ್ದಾದರೆ ಬೆಚ್ಚುತ್ತಿದ್ದೆ. ಒಂದು ಮಧ್ಯಾಹ್ನ ಗೇಟು ಸದ್ದು ಮಾಡಿದ್ದು ಶಿವಬಸಪ್ಪನವರೇ. ಮುಖ ಗಂಟು.

"ಅಲ್ಲ ಮೇಷ್ಟ್ರೇ, ಓದಿದೋರು ನೀವು. ಅಷ್ಟು ಚೆಂದದ ಆಟಕ್ಕೆ ನನ್ನ ಹಿಂದ್ಗಡೆ ಕೂರಿಸೋದಾ? ಮಗೀನ ಬೆನ್ನು ಬುಟ್ರೆ ಏನೂ ಕಾಣ್ಲಿಲ್ಲ! ಕೆ.ಆರ್. ನಗರದಲ್ಲೂ ಮಾಡ್ತಾಳಂತೆ. ಮುಂದಿನ ಸಾಲಲ್ಲಿ ಒಂದು ಸೀಟು ಹಿಡೀರಿ."

ಅಂದು, ಬುಧವಾರ ರಾತ್ರಿ, ಬೆಳಗಿನ ತನಕ ಒಂದೇ ನಿದ್ದೆ. ಎದ್ದಾಗ ಹೆಂಡತಿ ವಿಚಿತ್ರವಾಗಿ ನೋಡುತ್ತಿದ್ದಳು. "ರಾತ್ರಿಯೆಲ್ಲ ನಿದ್ದೇಲಿ ನಗ್ತಿದ್ರಿ. ಏನಾಗಿತ್ತು?"

ಏನೂ ಆಗಿರಲಿಲ್ಲ. ನನಗೂ ಅಧ್ಯಕ್ಷರ ಅಪ್ಪಣೆ ಸಿಕ್ಕಿತ್ತು.