ಕೇಕಿನ ಮೇಲೆ ಅಜ್ಜನ ಮೀಸೆ

ಕೇಕಿನ ವಿಷಯದಲ್ಲಿ ನಾನು ರುಚಿಯ ಪಕ್ಷದವಳು. ಜನರ ಮುಂದೆ ವಾದ ಮಾಡುವ ಸ್ವಭಾವ ನನ್ನದಲ್ಲ. ಆದರೆ ಯಾರಾದರೂ ಬಾಯಿಗಿಡುವ ಮೊದಲೇ ‘ಎಷ್ಟ ಚಂದ ಐತಿ’ ಎಂದರೆ ಒಳಗೊಳಗೇ ಉರಿಯುತ್ತೇನೆ. ಒಮ್ಮೆ ಗೋಳಗುಮ್ಮಟದ ಕಡೆಯ ಬೇಕರಿಯಿಂದ ಗೆಳತಿಯ ಹುಟ್ಟುಹಬ್ಬಕ್ಕೆ ಬಂದ ಕೇಕಿನ ಮೇಲೆ ಗುಲಾಬಿ ಅರಳಿತ್ತು. ಅದನ್ನು ತಿಂದ ಮೇಲೆ ಸ್ನಾನದ ಸೋಪು ಕಂಡರೂ ನನಗೆ ಹುಟ್ಟುಹಬ್ಬ ನೆನಪಾಗುತ್ತದೆ. ಅಂದಿನಿಂದ ಕೇಕನ್ನು ಮನೆಯಲ್ಲೇ ಮಾಡುತ್ತೇನೆ. ಅಲಂಕಾರವೆಂದರೆ ಮೇಲೆ ನಾಲ್ಕು ಗೋಡಂಬಿ, ಅಷ್ಟೇ. ಅವೂ ಸಮಾನ ಅಂತರದಲ್ಲಿ.

ಹೊರಗಿನವರಿಗೂ ಮಾಡಿಕೊಡಬೇಕೆಂಬುದು ನನ್ನ ಆಸೆ. ಅದಕ್ಕೆ ದೊಡ್ಡ ಓವನ್ ಬೇಕು. ಅವ್ವ ಶರತ್ತು ಹಾಕಿದಳು: ‘ಸಾರವಾಡದಾಗ ಅಜ್ಜನ ಹುಟ್ಟುಹಬ್ಬಕ್ಕ ನೀನ ಕೇಕ್ ಮಾಡು. ಮಂದಿ ಇನ್ನೊಂದು ತುಂಡು ಬೇಡಿದ್ರ ಓವನ್ ತರೂಣು. ಇಲ್ಲಂದ್ರ ಸುಮ್ಮನ ರೊಟ್ಟಿ ಬಡಿ.’ ಅಜ್ಜನಿಗೆ ತಾನು ಹುಟ್ಟಿದ ದಿನ ಗೊತ್ತಿಲ್ಲ, ಆಧಾರ್ ಕಾರ್ಡಿಗೆ ಗೊತ್ತಿದೆ. ಅದರ ಮಾತು ನಂಬಿ ಕೇಕು ಮಾಡಿದೆ. ಚಿಕ್ಕಪ್ಪನ ಮಗಳು ಗೀತಾ ಬಂದು ನೋಡಿದಳು. ‘ಅಕ್ಕಾ, ನಿನ್ನ ಕೇಕು ಪರೀಕ್ಷಾದ ಉತ್ತರಪತ್ರಿಕಿ ಇದ್ದಂಗ ಇರ್ತೈತಿ. ಎಲ್ಲಾ ಸರಿ, ನೋಡಾಕ ಮನಸಾಗಂಗಿಲ್ಲ’ ಎಂದು, ಸಕ್ಕರೆ ಹಾಳೆಯ ಮೇಲೆ ಅಚ್ಚು ಹಾಕಿಸಿ ತಂದಿದ್ದ ಅಜ್ಜನ ಫೋಟೋವನ್ನು ಮೇಲೆ ಅಂಟಿಸಿಯೇಬಿಟ್ಟಳು.

ವಿಜಯಪುರದಿಂದ ಬಸ್ಸಿನಲ್ಲಿ ಅಜ್ಜನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದೆ. ಸಾರವಾಡದಲ್ಲಿ ಡಬ್ಬಿ ತೆರೆದರೆ ಸೆಖೆಗೆ ಮೀಸೆ ಕರಗಿಹೋಗಿತ್ತು. ಚಾಕಲೇಟು ಕರಗಿಸಿ ಕಡ್ಡಿಯಿಂದ ತಿದ್ದಲು ಕುಳಿತೆ. ಎಡಗಡೆ ಸರಿಮಾಡಿದರೆ ಬಲಗಡೆ ಸಣ್ಣದೆನಿಸಿತು. ಬಲಗಡೆ ಬೆಳೆಸಿದರೆ ಎಡಗಡೆ ಬಡವಾಯಿತು. ಎರಡೂ ಸಮವಾಗುವ ಹೊತ್ತಿಗೆ ಮೀಸೆ ಕಿವಿ ಮುಟ್ಟಿತ್ತು. ಕೇಕು ನೋಡಿದ ಅಜ್ಜ ತನ್ನ ಮೀಸೆಯನ್ನೊಮ್ಮೆ ಮುಟ್ಟಿಕೊಂಡ. ಹೋಲಿಕೆಯಲ್ಲಿ ಸೋತದ್ದು ಅಸಲಿ ಮೀಸೆ.

ಕೊಯ್ಯಲು ಚಾಕು ಎತ್ತಿದೆ, ಅಷ್ಟೇ. ಅಜ್ಜಿ ಕೈ ಹಿಡಿದಳು. ‘ಏನ ಬೇ ಇದು! ಅವರು ಎದುರಿಗೆ ಗಟ್ಟಿಮುಟ್ಟಾಗಿ ಕುಂತಾರ, ಅವರ ಮಾರಿಗೆ ಚಾಕು ಹಾಕ್ತೀಯೇನು?’ ನೆರೆದವರೆಲ್ಲ ಹೌದೆಂದರು. ಅಜ್ಜಿ ಕೇಕಿನ ಹಣೆಗೆ ವಿಭೂತಿ ಹಚ್ಚಿ ಆರತಿಯನ್ನೂ ಎತ್ತಿದಳು. ಇನ್ನು ಅದನ್ನು ಗೋಡೆಗೆ ತೂಗುಹಾಕುವುದೊಂದು ಬಾಕಿ. ಮೊದಲನೇ ತುಂಡೇ ಇಲ್ಲದ ಮೇಲೆ ಇನ್ನೊಂದನ್ನು ಯಾರು ಬೇಡಬೇಕು? ಅವ್ವನ ಮುಖದಲ್ಲಿ ನನಗೆ ರೊಟ್ಟಿ ಕಾಣಿಸತೊಡಗಿತು.

ಕೊನೆಗೆ ಅಜ್ಜನೇ ಎದ್ದ. ‘ಈ ಮಾರಿಗೆ ದಿನಾ ಮುಂಜಾನಿ ನಾನ ಬ್ಲೇಡ್ ಹಾಕ್ತೀನಿ. ಆವಾಗ ಸುಮ್ಮನ ಇರ್ತಿ, ಈಗ್ಯಾಕ ಒದರ್ತಿ? ಕೊಡ ಇಲ್ಲೆ ಚಾಕು’ ಎಂದು ತನ್ನ ಗದ್ದವನ್ನು ತಾನೇ ಕೊಯ್ದು ಬಾಯಿಗಿಟ್ಟುಕೊಂಡ. ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ‘ಛಲೋ ಆಗೇನಿ ನಾ’ ಎಂದ.

ಆಮೇಲೆ ತಡೆಯುವವರೇ ಇರಲಿಲ್ಲ. ‘ನನಗ ಕಿವಿ ಕೊಡ್ರಿ’, ‘ಎಡಗಡಿ ಮೀಸಿ ನಂದು’, ‘ಲೇ, ನಿನಗ ಮೂಗು ಕೊಟ್ಟಾರಲ್ಲ, ಮತ್ತ ಮೀಸಿಗ್ಯಾಕ ಬಂದಿ?’ ಆರತಿ ಎತ್ತಿದ ಅಜ್ಜಿಯೂ ಸೆರಗು ಮರೆಮಾಡಿ ಹುಬ್ಬೊಂದನ್ನು ತಿಂದಳು.

‘ಬೇಡಿದ್ರು ನೋಡು’ ಎಂದಳು ಅವ್ವ, ಓವನ್ ತರುವ ಧ್ವನಿಯಲ್ಲಿ. ಅವರು ಬೇಡಿದ್ದು ನನ್ನ ಕೇಕನ್ನಲ್ಲ, ಮೀಸೆಯನ್ನು ಎಂದು ತಿದ್ದುವುದು ರುಚಿಯ ಪಕ್ಷದವಳಾದ ನನ್ನ ಕರ್ತವ್ಯವಾಗಿತ್ತು. ಬಾಯಿ ತೆರೆದೂ ತೆರೆದೆ. ಅಷ್ಟರಲ್ಲಿ ಜೈನಾಪುರದ ಮಾಮಾ ಹತ್ತಿರ ಬಂದು, ‘ಯವ್ವಾ, ನನಗೂ ಹಿಂಥಾದೊಂದು ಮಾಡಿಕೊಡ್ತೀಯೇನು? ಆದರ ನನಗ ಮೀಸಿನ ಇಲ್ಲಲ್ಲ’ ಎಂದರು.

‘ಅದಕ್ಯಾಕ ಚಿಂತಿ ಮಾಮಾ,’ ಎಂದೆ, ‘ನಾ ಹಚ್ತೀನಿ.’

ಯಾವ ರುಚಿಯ ಕೇಕು ಬೇಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.